ಚೆಲ್ಸಿಯ ರಾಯಲ್ ಹಾಸ್ಪಿಟಲ್: ಕಂಬ ಆಮೇಲೆ ನೋಡಿ, ಮೊದಲು ಆರಡಿ ಗೂಡು ನೋಡಿ

ಕಮಾನುಕಟ್ಟೆ

ಹಳೇ ವೃದ್ಧಾಶ್ರಮಗಳ ಕಟ್ಟಡದ ಮಾತು ಬಂದಾಗಲೆಲ್ಲ ಎಲ್ಲರೂ ಮುಂಭಾಗದ ಫೋಟೊ ಹಾಕುತ್ತಾರೆ. ಕಂಬ, ಕಮಾನು, ಗೋಪುರ. ಲಂಡನ್ನಿನ ಚೆಲ್ಸಿಯಲ್ಲಿರುವ ರಾಯಲ್ ಹಾಸ್ಪಿಟಲ್ ವಿಷಯದಲ್ಲೂ ಇದೇ ಕತೆ. ಹೆಸರಾಂತ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕಟ್ಟಿದ್ದು ಅಂದ ತಕ್ಷಣ ಜನ ಗ್ರೀಕ್ ಮಾದರಿಯ ಡೋರಿಕ್ ಕಂಬಗಳ ಮುಂದೆ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ನೋಡಬೇಕಾದ್ದು ಎರಡೇ. ಮಲಗುವ ಗೂಡು, ಹತ್ತುವ ಮೆಟ್ಟಿಲು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹೆಸರಲ್ಲಿ ಹಾಸ್ಪಿಟಲ್ ಇದ್ದರೂ ಇದು ಆಸ್ಪತ್ರೆ ಅಲ್ಲ, ವಯಸ್ಸಾದ ಸೈನಿಕರ ಮನೆ. ದೊರೆ ಎರಡನೇ ಚಾರ್ಲ್ಸ್ 1682ರಲ್ಲಿ ಅಡಿಗಲ್ಲು ಹಾಕಿದ. ಕೆಲಸ ಮುಗಿಯುವ ಹೊತ್ತಿಗೆ ಅವನು ತೀರಿಕೊಂಡಿದ್ದ, ಅವನ ತಮ್ಮ ಎರಡನೇ ಜೇಮ್ಸ್ ಪಟ್ಟ ಕಳೆದುಕೊಂಡಿದ್ದ. ವಿಲಿಯಂ ಮತ್ತು ಮೇರಿ ಕಾಲದಲ್ಲಿ, 1692ರಲ್ಲಿ, ಮೊದಲ 476 ಮಂದಿ ಒಳಗೆ ಬಂದರು. ಅವತ್ತಿನಿಂದ ಇವತ್ತಿನವರೆಗೂ ಕಟ್ಟಡಕ್ಕೆ ಅದೇ ಕೆಲಸ. ಈಗ ಸುಮಾರು 300 ಜನ ಇದ್ದಾರೆ. ಕೆಂಪು ಕೋಟು, ಮೂರು ಮೂಲೆಯ ಟೋಪಿ ಹಾಕಿದ ಅಜ್ಜಂದಿರ ಫೋಟೊ ನೋಡಿರುತ್ತೀರಿ. ಅವರೇ ಇವರು.

ಮುಖ್ಯ ಅಂಗಳಕ್ಕೆ ಫಿಗರ್ ಕೋರ್ಟ್ ಎನ್ನುತ್ತಾರೆ. ಮೂರು ಕಡೆ ಕಟ್ಟಡ, ದಕ್ಷಿಣಕ್ಕೆ ಥೇಮ್ಸ್ ನದಿಯ ಕಡೆ ಬಯಲು. ಉತ್ತರದ ಸಾಲಿನ ನಡುವೆ ಎಂಟು ಮೂಲೆಯ ಪಡಸಾಲೆ. ಅದರ ಒಂದು ಪಕ್ಕ ಪ್ರಾರ್ಥನೆಯ ಚಾಪೆಲ್, ಇನ್ನೊಂದು ಪಕ್ಕ ಊಟದ ಗ್ರೇಟ್ ಹಾಲ್. ಪೂರ್ವ ಪಶ್ಚಿಮದ ಎರಡು ಉದ್ದನೆಯ ಸಾಲುಗಳಲ್ಲಿ ವಾಸ. ಅವಕ್ಕೆ ಲಾಂಗ್ ವಾರ್ಡ್ ಅಂತಲೇ ಹೆಸರು.

ಈಗ ಗೂಡಿನ ವಿಷಯ. ವಾರ್ಡಿನ ಕಟ್ಟಡದ ನಟ್ಟನಡುವೆ ಉದ್ದಕ್ಕೂ ಒಂದು ಗೋಡೆ ಹೋಗುತ್ತದೆ. ಆ ಗೋಡೆಗೆ ಬೆನ್ನು ಕೊಟ್ಟು ಎರಡೂ ಕಡೆ ಓಕ್ ಹಲಗೆಯಲ್ಲಿ ಮಾಡಿದ ಪುಟ್ಟ ಕೋಣೆಗಳ ಸಾಲು. ಕಿಟಕಿ ಇರುವ ಬದಿ ಓಡಾಟಕ್ಕೆ ಬಿಟ್ಟ ಜಾಗ. ಕೋಣೆಗೆ ಅಲ್ಲಿಯವರು ಬರ್ತ್ ಎನ್ನುತ್ತಾರೆ. ಮೊದಲಿಗೆ ಅದರ ಅಳತೆ ಆರಡಿಗೆ ಆರಡಿ, ಅಷ್ಟೇ. ರೈಲಿನ ಕೂಪೆ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅಷ್ಟು. ಮಂಚ ಹಾಕಿದರೆ ಉಳಿಯುವುದು ಕಾಲಿಡುವಷ್ಟು ನೆಲ.

ಆದರೆ ಅದಕ್ಕೊಂದು ಬಾಗಿಲು ಇತ್ತು! ಸಾಮಾನ್ಯ ಸಿಪಾಯಿಗಳು ಒಂದೇ ಹಾಸಿಗೆಯಲ್ಲಿ ಇಬ್ಬಿಬ್ಬರು ಮಲಗುತ್ತಿದ್ದ ಕಾಲ ಅದು. ಅಂಥವನಿಗೆ ಮುಪ್ಪಿನಲ್ಲಿ ತನ್ನದೇ ಬಾಗಿಲು, ತನ್ನದೇ ಮಂಚ. ಬಾಗಿಲು ತೆರೆದರೆ ಎದುರಿಗೆ ಕಿಟಕಿ, ಬೆಳಕು, ಬೆಂಕಿಗೂಡಿನ ಹತ್ತಿರ ಕುಳಿತ ಗೆಳೆಯರು. ಮುಚ್ಚಿದರೆ ಒಬ್ಬನೇ.

ಮೆಟ್ಟಿಲು ಇನ್ನೂ ಸರಳ. ಎತ್ತರ ಕಡಿಮೆ, ಅಗಲ ಜಾಸ್ತಿ. ಮಂಡಿ ಎತ್ತಿ ಹತ್ತುವ ಬದಲು ಕಾಲು ಎಳೆದುಕೊಂಡೇ ಹತ್ತಬಹುದು. ಮುದುಕರ ಕಾಲು ನೋಡಿ ಅಳೆದದ್ದು. ರೆನ್‌ನ ಅರಮನೆ ಕೆಲಸಗಳಿಗಿಂತ ನನಗೆ ಈ ಮೆಟ್ಟಿಲೇ ಹೆಚ್ಚು ಇಷ್ಟ.

ಹಳೇಬೂಟು

ಕಮಾನುಕಟ್ಟೆ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಇಷ್ಟು ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು. ನಾನು ಸರ್ವೀಸಿನ ಬಹುಪಾಲು ಬ್ಯಾರಕ್ಕಿನಲ್ಲೇ ಕಳೆದವನು. ನೀವು ಹೇಳುತ್ತಿರುವುದು ಬ್ಯಾರಕ್ಕೇ, ಹಲಗೆ ಹೊಡೆದ ಬ್ಯಾರಕ್ಕು. ಯೂನಿಫಾರಂ ಇದೆ, ರೋಲ್ ಕಾಲ್ ಇದೆ, ಗವರ್ನರ್ ಇದ್ದಾರೆ. ಗವರ್ನರ್ ಮನೆ ಎಲ್ಲಿದೆ ನೋಡಿ. ಪೂರ್ವದ ಸಾಲಿನ ತುದಿಯಲ್ಲಿ, ನದಿ ಕಾಣುವ ಕಡೆ, ದೊಡ್ಡ ಸ್ಟೇಟ್ ರೂಮ್ ಸಮೇತ. ಸಿಪಾಯಿಗೆ ಆರಡಿ. ಸಾಹೇಬರಿಗೆ ನದಿ ನೋಟ. ದೇಶ ಯಾವುದಾದರೇನು, ಸೈನ್ಯ ಸೈನ್ಯವೇ.

ಹಾಗಂತ ಕೆಟ್ಟದ್ದು ಅನ್ನುತ್ತಿಲ್ಲ. ಬ್ಯಾರಕ್ಕಿನ ಜೀವನ ಬಿಟ್ಟು ಬಂದ ಮೇಲೆ ಎಷ್ಟೋ ಜನಕ್ಕೆ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ. ಸುತ್ತ ನಾಲ್ಕು ಜನ ಗೊರಕೆ ಹೊಡೆದರೇ ಸಮಾಧಾನ. ರೆನ್‌ಗೆ ಅದು ಗೊತ್ತಿತ್ತೋ ಏನೋ.

ಲೆಕ್ಕದಪುಸ್ತಕ

ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲೇ ಇಲ್ಲವಲ್ಲ?

ಅಂಗಳದ ನಡುವೆ ಚಾರ್ಲ್ಸ್‌ನ ಮೂರ್ತಿ ಇದೆ. ಶಿಲ್ಪಿ ಗ್ರಿನ್ಲಿಂಗ್ ಗಿಬ್ಬನ್ಸ್ ಹೆಸರಿನಲ್ಲಿರುವ ಕೆಲಸ. ರೋಮನ್ ವೇಷ, ಮೈತುಂಬ ಚಿನ್ನದ ಲೇಪ. ಪ್ರತಿ ವರ್ಷ ಮೇ 29ರ ಹೊತ್ತಿಗೆ, ಅವನ ಹುಟ್ಟುಹಬ್ಬದ ನೆನಪಿಗೆ, ಅದಕ್ಕೆ ಓಕ್ ಸೊಪ್ಪಿನ ಅಲಂಕಾರ. ವುರ್ಸ್ಟರ್ ಯುದ್ಧದಲ್ಲಿ ಸೋತು ಓಕ್ ಮರದಲ್ಲಿ ಅಡಗಿ ಕುಳಿತಿದ್ದ ನೆನಪಿಗೆ ಆ ಸೊಪ್ಪು. ಎಲ್ಲ ಸರಿ. ಆದರೆ ಖಜಾನೆಯಲ್ಲಿ ಅವನ ಹತ್ತಿರ ಕಾಸು ಇರಲಿಲ್ಲ. ಹಣದ ದಾರಿ ತೋರಿಸಿದವನು ಸರ್ ಸ್ಟೀಫನ್ ಫಾಕ್ಸ್. ಸೈನ್ಯದ ಸಂಬಳ ಬಟವಾಡೆ ನೋಡಿಕೊಂಡೇ ದೊಡ್ಡ ಆಸ್ತಿ ಮಾಡಿದವನು. ದಾರಿ ಏನು? ಸೈನಿಕರ ಸಂಬಳದಲ್ಲೇ ಕಡಿತ. ಅಂದರೆ ಸಿಪಾಯಿ ತನ್ನ ಮುಪ್ಪಿನ ಗೂಡಿಗೆ ತಾನೇ ಮುಂಗಡ ಕಟ್ಟಿದ. ಮೂರ್ತಿ ಮಾತ್ರ ದೊರೆಯದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಜಾಗದ ಕತೆ ಇನ್ನೂ ಮಜವಾಗಿದೆ. ಅಲ್ಲಿ ಮೊದಲು ಒಂದನೇ ಜೇಮ್ಸ್ ಕಾಲದ ಧರ್ಮಶಾಸ್ತ್ರದ ಕಾಲೇಜು ಇತ್ತು. ಅದು ನಡೆಯಲಿಲ್ಲ. ಚಾರ್ಲ್ಸ್ ಆ ಜಾಗವನ್ನು ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಕೊಟ್ಟ. ಆಮೇಲೆ ಬೇಕಾಯಿತು ಅಂತ 1,300 ಪೌಂಡ್ ಕೊಟ್ಟು ವಾಪಸ್ ಕೊಂಡ. ಆಗ ಸೊಸೈಟಿಯ ಅಧ್ಯಕ್ಷ ಯಾರು ಅಂದುಕೊಂಡಿರಿ? ಇದೇ ಕ್ರಿಸ್ಟೋಫರ್ ರೆನ್. ಮಾರುವ ಕಡೆಗೂ ಅವನೇ, ಕಟ್ಟುವ ಕಡೆಗೂ ಅವನೇ.

ಪುಟಾಣಿಪ್ರಶ್ನೆ

ಚಾರ್ಲ್ಸ್‌ನ ಪ್ರೇಯಸಿ, ನಾಟಕದ ನಟಿ ನೆಲ್ ಗ್ವಿನ್ ಹಟ ಹಿಡಿದಿದ್ದಕ್ಕೆ ಇದನ್ನು ಕಟ್ಟಿಸಿದ ಅಂತ ಎಲ್ಲೋ ಓದಿದ್ದೆ. ನಿಜಾನಾ?

ಕಮಾನುಕಟ್ಟೆ

ಕತೆ ಚೆನ್ನಾಗಿದೆ, ದಾಖಲೆ ಇಲ್ಲ. ಆ ಕಾಲದವನೇ ಆದ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ 1681ರ ಸೆಪ್ಟೆಂಬರ್‌ನಲ್ಲೇ ಫಾಕ್ಸ್ ಈ ಮಾತು ಎತ್ತಿದ್ದನ್ನು ಬರೆದಿದ್ದಾನೆ. ಅಲ್ಲಿ ನೆಲ್ ಸುದ್ದಿ ಬರುವುದಿಲ್ಲ. ಕಣ್ಣೆದುರಿಗೆ ಮಾದರಿಗಳೂ ಇದ್ದವು. ಪ್ಯಾರಿಸ್ಸಿನಲ್ಲಿ ಹದಿನಾಲ್ಕನೇ ಲೂಯಿ ಲೆಸ್ ಇನ್‌ವಾಲೀಡ್ಸ್ ಕಟ್ಟಿಸುತ್ತಿದ್ದ. ಡಬ್ಲಿನ್ನಿನ ಕಿಲ್‌ಮೇನಮ್‌ನಲ್ಲಿ 1680ರಲ್ಲೇ ಇಂಥದ್ದೇ ಸೈನಿಕರ ಮನೆಯ ಕೆಲಸ ಶುರುವಾಗಿತ್ತು. ಪಕ್ಕದ ದೊರೆ ಮಾಡಿದ್ದನ್ನು ನಾನೂ ಮಾಡಬೇಕು ಅನ್ನುವ ಪೈಪೋಟಿ ಸಾಕಾಗಿತ್ತು, ನಟಿಯ ಕಣ್ಣೀರು ಬೇಕಿರಲಿಲ್ಲ.

ಲೆಕ್ಕದಪುಸ್ತಕ ಅವರ ಯಲ್ಲಮ್ಮನ ಜಾತ್ರೆ ಓದಿ ನಕ್ಕು ಸಾಕಾಯಿತು. ಆದರೆ ಒಂದು ಮಾತು ಸೇರಿಸುತ್ತೇನೆ. ಕಡಿತ ಎಲ್ಲರ ಸಂಬಳದಲ್ಲೂ ಆಗುತ್ತಿತ್ತು, ಗೂಡು ಸಿಗುತ್ತಿದ್ದದ್ದು ಕೆಲವರಿಗೆ. ಜಾಗ ಸಾಲದೆ ಬಹಳ ಬೇಗ ಹೊರಗಿನ ಪಿಂಚಣಿದಾರರು ಅಂತ ಇನ್ನೊಂದು ಪಟ್ಟಿ ಮಾಡಬೇಕಾಯಿತು. ಅವರು ತಮ್ಮ ಊರಲ್ಲೇ ಇದ್ದು ಹಣ ಪಡೆಯುತ್ತಿದ್ದರು. ನೆಪೋಲಿಯನ್ ಯುದ್ಧಗಳ ಹೊತ್ತಿಗೆ ಆ ಪಟ್ಟಿ ಹತ್ತಾರು ಸಾವಿರಕ್ಕೆ ಬೆಳೆದಿತ್ತು. 1955ರವರೆಗೂ ಆ ಪಿಂಚಣಿಯ ಆಡಳಿತ ಈ ಮನೆಯ ಹೆಗಲ ಮೇಲೇ ಇತ್ತು. ಹಾಗಾಗಿ ಇದು ಬರೀ ವೃದ್ಧಾಶ್ರಮ ಅಲ್ಲ, ದೊಡ್ಡದೊಂದು ಪಿಂಚಣಿ ಕಚೇರಿಯೂ ಆಗಿತ್ತು.

ಇಟ್ಟಿಗೆಗೂಡು

ಕಟ್ಟಡದ ಕೆಲಸ ಮಾಡುವವನಾಗಿ ನನ್ನದೂ ಒಂದೆರಡು ಮಾತು.

ಇನ್‌ವಾಲೀಡ್ಸ್ ಮತ್ತು ಚೆಲ್ಸಿಯ ನಕ್ಷೆ ಪಕ್ಕಪಕ್ಕ ಇಟ್ಟು ನೋಡಿ. ಪ್ಯಾರಿಸ್ಸಿನದು ಲಿಬೆರಾಲ್ ಬ್ರುಆಂ ಮಾಡಿದ್ದು. ಸಾವಿರಾರು ಜನಕ್ಕೆ ಅಂತ ಕಟ್ಟಿದ್ದು. ಅಂಗಳದ ಮೇಲೆ ಅಂಗಳ, ಎಲ್ಲ ನಾಲ್ಕೂ ಕಡೆ ಮುಚ್ಚಿದವು. ಒಳಗೆ ನಿಂತರೆ ಆಕಾಶ ಬಿಟ್ಟು ಹೊರಗಿನದೇನೂ ಕಾಣುವುದಿಲ್ಲ. ಕಿಲ್‌ಮೇನಮ್ ಸಣ್ಣದು, ಅದರ ಅಂಗಳವೂ ಮುಚ್ಚಿದ್ದೇ. ರೆನ್ ಒಂದು ಬದಿ ತೆಗೆದುಬಿಟ್ಟ. ದಕ್ಷಿಣದ ಬದಿ ತೆಗೆದದ್ದರಿಂದ ಲಂಡನ್ನಿನಂಥ ಮಂಕು ಹವೆಯಲ್ಲೂ ಚಳಿಗಾಲದ ಬಿಸಿಲು ಅಂಗಳದೊಳಕ್ಕೆ ಬರುತ್ತದೆ. ವಾರ್ಡುಗಳು ಪೂರ್ವ ಪಶ್ಚಿಮಕ್ಕೆ ಮುಖ ಮಾಡಿವೆ. ಬೆಳಗಿನ ಬಿಸಿಲು ಒಂದು ಬದಿಯ ಓಡಾಟದ ಜಾಗಕ್ಕೆ, ಸಂಜೆಯದು ಇನ್ನೊಂದಕ್ಕೆ. ಉತ್ತರದ ಸಾಲಿನಲ್ಲಿ, ಹಾಲ್ ಮತ್ತು ಚಾಪೆಲ್ ಮುಂದೆ, ತಗ್ಗಾದ ಕಂಬದ ಸಾಲು ಇದೆ. ಕೆಳಗೆ ಬೆಂಚುಗಳು. ಮಳೆ ಬಂದರೆ ನೆನೆಯದೆ ಕೂತು ಅಂಗಳ ನೋಡಬಹುದು. ನೀವು ಕಂಬ ಬೇಡ ಅಂದಿರಲ್ಲ, ಆ ಕಂಬಗಳಿಗೂ ಕೆಲಸ ಇದೆ ಸ್ವಾಮಿ. ಸುಮ್ನೆ ಶೋಕಿಗೆ ನಿಂತಿಲ್ಲ.

ಇನ್ನು ಸಾಮಾನು. ಮೈಯೆಲ್ಲ ಇಟ್ಟಿಗೆ. ಮೂಲೆ, ಅಂಚು, ಕಂಬಕ್ಕೆ ಮಾತ್ರ ಪೋರ್ಟ್‌ಲ್ಯಾಂಡ್ ಕಲ್ಲು. ಇಟ್ಟಿಗೆಯ ಮೇಲೆ ಕಲ್ಲಿನ ಪದರ ಹೊದಿಸಿ ಅರಮನೆ ಥರ ಮಾಡುವ ಆಸೆಗೆ ಬೀಳಲಿಲ್ಲ. ಅದಕ್ಕೇ ನನಗೆ ಈ ಕಟ್ಟಡ ಇಷ್ಟ. ಅಕ್ಕಪಕ್ಕದ ಲೈಟ್ ಹಾರ್ಸ್ ಕೋರ್ಟ್, ಕಾಲೇಜ್ ಕೋರ್ಟ್ ಎಂಬ ಎರಡು ಅಂಗಳಗಳನ್ನೂ ಎರಡನೇ ಜೇಮ್ಸ್ ಕಾಲದಲ್ಲಿ ಸೇರಿಸಿದ್ದು. ಅವು ಇನ್ನೂ ಸಾದಾ.

ಆಮೇಲೆ ಬಂದ ವಾಸ್ತುಶಿಲ್ಪಿ ಜಾನ್ ಸೋನ್‌ನನ್ನು ಮರೆಯಬೇಡಿ. 1807ರಿಂದ ಸಾಯುವವರೆಗೂ ಇಲ್ಲಿನ ಕಟ್ಟಡಗಳ ಉಸ್ತುವಾರಿ ಅವನದೇ. ಅವನು ಕಟ್ಟಿದ ಕುದುರೆ ಲಾಯದ ಗೋಡೆ ನೋಡಿ. ಅಲಂಕಾರ ಅಂತ ಒಂದು ಚೂರೂ ಇಲ್ಲ. ಇಟ್ಟಿಗೆಯಲ್ಲಿ ಕಮಾನಿನೊಳಗೆ ಕಮಾನು, ಅಷ್ಟೇ. ಗಂಟೆಗಟ್ಟಲೆ ನೋಡಬಹುದು.

ಸಂಜೆಮಲ್ಲಿಗೆ

ಎಲ್ಲ ಓದಿದೆ. ಹೆಂಗಸರು ಎಲ್ಲಿ?

ಮೊದಲ ಹೆಂಗಸರು ನಿವಾಸಿಗಳಾಗಿ ಒಳಗೆ ಬಂದದ್ದು 2009ರಲ್ಲಿ. ಅಂದರೆ ಮುನ್ನೂರು ವರ್ಷ ದಾಟಿದ ಮೇಲೆ. ಅದಕ್ಕಿಂತ ದೊಡ್ಡ ಪ್ರಶ್ನೆ ಹೆಂಡತಿಯರದು. ಇಲ್ಲಿ ಸೇರಬೇಕಾದರೆ ಅವಲಂಬಿತ ಸಂಗಾತಿ ಇರಬಾರದು. ಗಂಡ ಹೆಂಡತಿ ಇಬ್ಬರಿಗೂ ವಯಸ್ಸಾಗಿದ್ದರೆ ಈ ಬಾಗಿಲು ತೆರೆಯುವುದಿಲ್ಲ. ಆರಡಿ ಗೂಡಿನಲ್ಲಿ ಇಬ್ಬರಿಗೆ ಜಾಗ ಎಲ್ಲಿ? ಕಟ್ಟಡವೇ ನಿಯಮ ಬರೆದಂತಾಯಿತು ಅಲ್ವಾ?

ಇದೇ ರೆನ್ ನಕ್ಷೆ ಹಾಕಿದ ಗ್ರೀನಿಚ್ ಹಾಸ್ಪಿಟಲ್ಲಿನ ಗತಿ ನೋಡಿ. ಅದು ನೌಕಾಪಡೆಯ ಮುದುಕರಿಗೆ, 1694ರ ಸನ್ನದು. ಚೆಲ್ಸಿಗಿಂತ ಹತ್ತು ಪಟ್ಟು ವೈಭವ. ಊಟದ ಮನೆ ಅಂತ ಕಟ್ಟಿದ ಪೇಂಟೆಡ್ ಹಾಲ್‌ಗೆ ಜೇಮ್ಸ್ ಥಾರ್ನ್‌ಹಿಲ್ ಸುಮಾರು ಹತ್ತೊಂಬತ್ತು ವರ್ಷ ಚಿತ್ರ ಬರೆದ. ಮುಗಿದ ಮೇಲೆ ಏನಾಯಿತು? ಮುದುಕರು ಊಟ ಮಾಡಲು ಇದು ತೀರಾ ಚೆನ್ನಾಗಿದೆ ಅಂತ ಅವರನ್ನು ನೆಲಮಾಳಿಗೆಗೆ ಕಳಿಸಿದರು! ಮೇಲಿನ ಹಾಲ್ ನೋಡಲು ಬರುವವರು ಕಾಸು ಕೊಡಬೇಕಿತ್ತು.

1865ರಲ್ಲಿ, ಹೊರಗಿದ್ದೇ ಪಿಂಚಣಿ ತಗೊಳ್ಳಬಹುದು ಅಂತ ಕಾಯಿದೆ ಬಂತು. ಆ ಚಿತ್ರ, ಆ ಗುಮ್ಮಟ ಎಲ್ಲ ಬಿಟ್ಟು ಬಹುಪಾಲು ಜನ ಎದ್ದು ಹೋದರು. 1869ರಲ್ಲಿ ಮನೆ ಮುಚ್ಚಿತು. ಹೆಂಡತಿ ಮಕ್ಕಳ ಜೊತೆ ಬಾಡಿಗೆ ಮನೆಯಲ್ಲಿ ಇರುವುದೇ ವಾಸಿ ಅಂತ ಅವರಿಗೆ ಅನ್ನಿಸಿರಬೇಕು. ಕಟ್ಟಡವನ್ನು ಎಷ್ಟೇ ಹೊಗಳಿ, ಒಳಗಿದ್ದವರು ಕಾಲಲ್ಲೇ ಮತ ಹಾಕಿದರು.

ಹಳೇಬೂಟು

ಭೇಷ್ ಮೇಡಂ. ಗ್ರೀನಿಚ್ ವಿಷಯ ನನಗೆ ಗೊತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಊಟ! ಆಫೀಸರ್ಸ್ ಮೆಸ್‌ನ ಬಾಗಿಲಲ್ಲಿ ನಿಂತವರಿಗೆ ಇದು ಹೊಸದಲ್ಲ ಬಿಡಿ.

ಕಮಾನುಕಟ್ಟೆ

ಸಂಜೆಮಲ್ಲಿಗೆ ಅವರೇ, ನೀವು ಗ್ರೀನಿಚ್ ಎತ್ತಿದ್ದು ಒಳ್ಳೆಯದಾಯಿತು. ಯಾಕೆಂದರೆ ಚೆಲ್ಸಿಯ ಗ್ರೇಟ್ ಹಾಲ್‌ಗೂ ಹೆಚ್ಚುಕಡಿಮೆ ಅದೇ ಗತಿ ಬಂದಿತ್ತು. ಅಲ್ಲೂ ಊಟ ನಿಂತುಹೋಗಿತ್ತು. ಸೈನ್ಯದ ವಿಚಾರಣೆಗಳಿಗೆ ಆ ಹಾಲ್ ಬಳಸುತ್ತಿದ್ದರು. 1808ರಲ್ಲಿ ಜನರಲ್ ವೈಟ್‌ಲಾಕ್‌ನ ಕೋರ್ಟ್ ಮಾರ್ಷಲ್ ನಡೆದದ್ದು ಅಲ್ಲೇ. 1852ರಲ್ಲಿ ಸೇನಾನಿ ವೆಲಿಂಗ್ಟನ್ ಡ್ಯೂಕನ ಶವ ದರ್ಶನಕ್ಕೆ ಇಟ್ಟಾಗ ನೂಕುನುಗ್ಗಲಾಗಿ ಜನ ಸತ್ತರು. ಅದೂ ಅಲ್ಲೇ. ಅಜ್ಜಂದಿರು ವಾಪಸ್ ಅಲ್ಲಿ ಕೂತು ಉಣ್ಣತೊಡಗಿದ್ದು 1955ರಲ್ಲಿ. ಚಿತ್ರಕಾರ ವೆರಿಯೋ ಶುರು ಮಾಡಿದ ಚಾರ್ಲ್ಸ್‌ನ ಕುದುರೆ ಸವಾರಿಯ ದೊಡ್ಡ ಚಿತ್ರ ಗೋಡೆ ಮೇಲೆ, ಕೆಳಗೆ ಉದ್ದನೆಯ ಮೇಜುಗಳು. ವೈಭವದ ಕೋಣೆಯನ್ನು ಮುದುಕರಿಗೇ ವಾಪಸ್ ಕೊಟ್ಟದ್ದು ಚೆಲ್ಸಿ, ಗ್ರೀನಿಚ್ ಅಲ್ಲ. ನನಗೆ ವ್ಯತ್ಯಾಸ ಅಲ್ಲೇ ಕಾಣುತ್ತದೆ.

ಗೂಡಿನ ಕತೆಯೂ 1692ಕ್ಕೆ ನಿಲ್ಲಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಆರಡಿಯದನ್ನು ಒಂಬತ್ತಡಿಗೆ ಹಿಗ್ಗಿಸಿದರು. ಆಮೇಲೆ ಈಚಿನ ದುರಸ್ತಿಯಲ್ಲಿ ಪ್ರತಿ ಬರ್ತ್‌ಗೂ ಸ್ವಂತ ಬಾತ್‌ರೂಮ್, ಕಿಟಕಿ ಇರುವ ಓದುವ ಮೂಲೆ ಬಂತು. ಗೂಡು ಹಿಗ್ಗಿದಷ್ಟೂ ಜನ ಕಡಿಮೆ. 476ರಿಂದ 300ಕ್ಕೆ ಇಳಿದದ್ದರ ಹಿಂದೆ ಈ ಲೆಕ್ಕವೂ ಇದೆ. ಕಟ್ಟಡ ದೊಡ್ಡದಾಗಲಿಲ್ಲ, ಒಬ್ಬೊಬ್ಬರ ಪಾಲು ದೊಡ್ಡದಾಯಿತು.

ತಂಬೂರಿ

ಸೈನಿಕರಿಂದ ಸ್ವಲ್ಪ ಸಂಗೀತಗಾರರ ಕಡೆ ಬನ್ನಿ. ಮಿಲಾನಿನ ಕಾಸಾ ವೆರ್ಡಿ. ಸಂಗೀತಗಾರ ಜುಸೆಪ್ಪೆ ವೆರ್ಡಿ ಸ್ವಂತ ದುಡ್ಡಿನಲ್ಲಿ, ಕಷ್ಟದಲ್ಲಿರುವ ವಯಸ್ಸಾದ ಸಂಗೀತಗಾರರಿಗೆ ಕಟ್ಟಿಸಿದ ಮನೆ. ವಾಸ್ತುಶಿಲ್ಪಿ ಕಾಮಿಲ್ಲೊ ಬೊಯಿತೊ. ವೆರ್ಡಿಯ ಒಪೆರಾಗಳಿಗೆ ಸಾಹಿತ್ಯ ಬರೆದ ಅರ್ರಿಗೊ ಬೊಯಿತೊನ ಅಣ್ಣ. ಕಟ್ಟಡ 1899ಕ್ಕೇ ಸಿದ್ಧ. ಆದರೆ ತಾನು ಬದುಕಿರುವವರೆಗೆ ಬಾಗಿಲು ತೆರೆಯಬೇಡಿ ಅಂದ. ಯಾರೂ ತನಗೆ ಕೈಮುಗಿದು ನಿಲ್ಲುವುದು ಅವನಿಗೆ ಬೇಕಿರಲಿಲ್ಲ. 1901ರ ಜನವರಿಯಲ್ಲಿ ತೀರಿಕೊಂಡ, 1902ರ ಅಕ್ಟೋಬರ್ 10ರಂದು, ಅವನ ಹುಟ್ಟುಹಬ್ಬದ ದಿನ, ಮೊದಲ ಒಂಬತ್ತು ಜನ ಒಳಗೆ ಬಂದರು. ಖರ್ಚಿಗೆ ಅವನ ಒಪೆರಾಗಳ ರಾಯಲ್ಟಿ. 1960ರ ದಶಕದ ಶುರುವಿನವರೆಗೂ ಅದೇ ನಡೆಸಿತು. ಅವನೂ ಹೆಂಡತಿಯೂ ಸಮಾಧಿಯಾಗಿರುವುದು ಅದೇ ಮನೆಯ ಅಂಗಳದಾಚೆಯ ನೆಲಗೂಡಿನಲ್ಲಿ.

ಇಲ್ಲಿನ ಚರ್ಚೆಗೆ ಬೇಕಾದ್ದು ಕೋಣೆ. ವೆರ್ಡಿಗೆ ಒಬ್ಬೊಬ್ಬರಿಗೆ ಒಂದು ಕೋಣೆ ಬೇಡವಾಗಿತ್ತು, ಎರಡು ಹಾಸಿಗೆಯ ಕೋಣೆ ಬೇಕು ಅಂದ. ರಾತ್ರಿ ಒಬ್ಬರಿಗೆ ಹುಷಾರು ತಪ್ಪಿದರೆ ಇನ್ನೊಬ್ಬರು ಇರಲಿ ಅಂತ. ರೆನ್ ಬಾಗಿಲು ಕೊಟ್ಟ, ವೆರ್ಡಿ ಜೊತೆ ಕೊಟ್ಟ. ನನ್ನ ಮತ ವೆರ್ಡಿಗೆ.

ಲೆಕ್ಕದಪುಸ್ತಕ ಅವರೇ, ಇಲ್ಲಿ ದುಡ್ಡು ಯಲ್ಲಮ್ಮನದೇ!

ಇಟ್ಟಿಗೆಗೂಡು

ಜೊತೆಗಾರ ಹೊಂದಿಕೊಂಡರೆ ಸರಿ. ಇಬ್ಬರು ಗಾಯಕರು, ಅದೂ ಒಪೆರಾದವರು, ಒಂದೇ ಕೋಣೆಯಲ್ಲಿ! ಬೆಳಗಿನ ಜಾವ ಯಾರು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೋ.

ತಮಾಷೆ ಬಿಟ್ಟು ಹೇಳುವುದಾದರೆ, ಹಿರಿಯರ ಮನೆ ನಕ್ಷೆ ಮಾಡುವಾಗ ಇವತ್ತಿಗೂ ಮೊದಲ ಜಗಳ ಇದೇ. ಸ್ವಂತ ಕೋಣೆ ಕೊಟ್ಟರೆ ಬಾಗಿಲು ಹಾಕಿಕೊಂಡು ಒಂಟಿಯಾಗುತ್ತಾರೆ. ಹಾಲ್‌ನಲ್ಲಿ ಮಂಚ ಹಾಕಿದರೆ ಮಾನ ಮರ್ಯಾದೆ ಇಲ್ಲ. ಚೆಲ್ಸಿಯ ಲಾಂಗ್ ವಾರ್ಡ್‌ನಲ್ಲಿ ಬಾಗಿಲ ಮುಂದೆಯೇ ಎಲ್ಲರ ಜಾಗ ಇದೆ. ಕಾರಿಡಾರ್ ಅಂದರೆ ನಡೆದು ದಾಟಿಬಿಡುವ ಓಣಿ ಅಲ್ಲ ಅಲ್ಲಿ. ಅಗಲವಾಗಿದೆ, ಬೆಳಕಿದೆ, ಕೂರಬಹುದು. ಬಾಗಿಲಿನಿಂದ ಒಂದು ಹೆಜ್ಜೆ ಇಟ್ಟರೆ ಜೊತೆ ಸಿಗುತ್ತದೆ. ನಾನು ಕೆಲಸ ಮಾಡಿದ ಒಂದು ಹಿರಿಯರ ಮನೆಯಲ್ಲಿ ಮಾಲೀಕರು ಕಾರಿಡಾರ್ ಅಗಲವನ್ನು ಕಾಯಿದೆ ಕೇಳುವಷ್ಟಕ್ಕೇ ಇಳಿಸಿ ಎರಡು ಕೋಣೆ ಜಾಸ್ತಿ ಹಾಕಿಸಿದರು. ಈಗ ಅಲ್ಲಿ ಯಾರೂ ಕೋಣೆಯಿಂದ ಹೊರಗೇ ಬರುವುದಿಲ್ಲ.

ಸಂಜೆಮಲ್ಲಿಗೆ

ಈಗ ಅರ್ಥವಾಯಿತು. ಆದರೂ ದಂಪತಿಗಳ ಪ್ರಶ್ನೆಗೆ ಉತ್ತರ ಬರಲಿಲ್ಲ. ರೆನ್‌ಗಿಂತ ಒಂದೂವರೆ ಶತಮಾನ ಮೊದಲೇ, ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಯಾಕೊಬ್ ಫುಗ್ಗರ್ ಬಡವರಿಗೆ ಫುಗ್ಗರೈ ಕಟ್ಟಿಸಿದ್ದ. 1521ರ ದಾನಪತ್ರ ಅದರದು. ಅದು ವೃದ್ಧರಿಗೇ ಮೀಸಲಲ್ಲ ಅನ್ನಿ. ಸಣ್ಣ ಸಣ್ಣ ಮನೆಗಳ ಸಾಲು, ಪ್ರತಿ ಸಂಸಾರಕ್ಕೂ ಅಡುಗೆಮನೆ, ಬೀದಿಗೆ ತೆರೆಯುವ ಸ್ವಂತ ಬಾಗಿಲು. ವರ್ಷದ ಬಾಡಿಗೆ ಆಗಿನ ಒಂದು ನಾಣ್ಯ, ರೈನ್ ಗುಲ್ಡನ್. ಇವತ್ತಿಗೂ ಅಷ್ಟೇ, ಒಂದು ಯೂರೋಗೂ ಕಡಿಮೆ. ಬಾಗಿಲು ಕೊಡುವುದಾದರೆ ಹೀಗೆ ಕೊಡಬೇಕು. ಅಡುಗೆಮನೆ ಇಲ್ಲದ ಮನೆ ನನಗೆ ಮನೆ ಅನ್ನಿಸುವುದಿಲ್ಲ.

ಹಳೇಬೂಟು

ಅಡುಗೆಮನೆ ಬೇಡ ತಾಯಿ. ಮೆಸ್ಸಿನ ಊಟ, ತಟ್ಟೆ ತೊಳೆಯುವ ಗೋಜಿಲ್ಲ. ಅದೊಂದಕ್ಕೇ ನಾನು ಚೆಲ್ಸಿಗೆ ಅರ್ಜಿ ಹಾಕುತ್ತಿದ್ದೆ, ಬ್ರಿಟಿಷ್ ಸೈನ್ಯದಲ್ಲಿ ಇದ್ದಿದ್ದರೆ.

ಒಂದು ಅನುಮಾನ. ಎರಡು ಮಹಾಯುದ್ಧ ನಡೆಯಿತಲ್ಲ, ಲಂಡನ್ ಮೇಲೆ ಅಷ್ಟು ಬಾಂಬ್ ಬಿತ್ತು. ಈ ಕಟ್ಟಡ ಪೂರ್ತಿ ಉಳಿಯಿತಾ?

ಕಮಾನುಕಟ್ಟೆ

ಪೂರ್ತಿ ಉಳಿಯಲಿಲ್ಲ ಸರ್. ಲೈಟ್ ಹಾರ್ಸ್ ಕೋರ್ಟಿನ ಈಶಾನ್ಯದ ಭಾಗ 1918ರಲ್ಲಿ ಜರ್ಮನ್ ವಿಮಾನದ ಬಾಂಬಿಗೆ ಬಿತ್ತು. ಮತ್ತೆ ಕಟ್ಟಿದರು. 1945ರ ಜನವರಿಯಲ್ಲಿ ವಿ-2 ರಾಕೆಟ್ ಬಂದು ಅದೇ ಭಾಗದ ಮೇಲೆ ಬಿತ್ತು. ಅದೇ ಜಾಗ, ಎರಡು ಯುದ್ಧ! 1960ರ ದಶಕದಲ್ಲಿ ಇನ್ನೊಮ್ಮೆ ಕಟ್ಟಿದರು. ಕಾಯಿಲೆಯವರ ಆರೈಕೆಗೆ ಸೋನ್ ಕಟ್ಟಿದ್ದ ಇನ್‌ಫರ್ಮರಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. 1941ರ ಬಾಂಬಿಗೆ ಅದು ಹಾಳಾಯಿತು. ಈಗ ಆ ಜಾಗದಲ್ಲಿ ನ್ಯಾಷನಲ್ ಆರ್ಮಿ ಮ್ಯೂಸಿಯಂ ಇದೆ. ಹೊಸ ಇನ್‌ಫರ್ಮರಿ 2009ರಲ್ಲಿ ಬೇರೆ ಕಡೆ ಆಯಿತು, ಮಾರ್ಗರೆಟ್ ಥ್ಯಾಚರ್ ಹೆಸರಿನಲ್ಲಿ. ಫಿಗರ್ ಕೋರ್ಟಿನ ಲಾಂಗ್ ವಾರ್ಡುಗಳು ಉಳಿದವು.

ಪುಟಾಣಿಪ್ರಶ್ನೆ

ಒಳಗೆ ಹೋಗಿ ನೋಡಲು ಬಿಡುತ್ತಾರಾ? ಚೆಲ್ಸಿ ಫ್ಲವರ್ ಶೋ ನಡೆಯುವುದು ಇದೇ ಜಾಗದಲ್ಲಾ?

ಲೆಕ್ಕದಪುಸ್ತಕ

ಹೌದು, 1913ರಿಂದ ಆ ಹೂವಿನ ಪ್ರದರ್ಶನ ಇವರ ಮೈದಾನದಲ್ಲೇ. ಪಕ್ಕದ ರಾನೆಲಾ ತೋಟದಲ್ಲಿ ಹದಿನೆಂಟನೇ ಶತಮಾನದಲ್ಲಿ ದೊಡ್ಡ ವೃತ್ತಾಕಾರದ ಸಭಾಂಗಣ ಇತ್ತು. ಊರಿನ ಶ್ರೀಮಂತರೆಲ್ಲ ಅಲ್ಲಿ ಸುತ್ತು ಹಾಕುತ್ತಿದ್ದರು. ನೋಡುವುದಾದರೆ ಮಾಮೂಲಿ ದಿನಗಳಲ್ಲಿ ಹೋಗಿ. ಫ್ಲವರ್ ಶೋ ನೆಪದಲ್ಲಿ ಹೋಗಬೇಡಿ, ಆ ಗದ್ದಲದಲ್ಲಿ ಕಟ್ಟಡ ಕಾಣುವುದೇ ಇಲ್ಲ. ಗೈಡ್ ಆಗಿ ಅಲ್ಲಿಯ ಪಿಂಚಣಿದಾರರೇ ಕರೆದುಕೊಂಡು ಹೋಗುವ ಪ್ರವಾಸಗಳು ಇವೆ, ಮೊದಲೇ ಬುಕ್ ಮಾಡಬೇಕು. ಅವರು ಯುದ್ಧದ ಕತೆ ಹೇಳಲು ಶುರು ಮಾಡಿದರೆ ಕಟ್ಟಡ ಮರೆತುಬಿಡುತ್ತೀರಿ. ಚಾಪೆಲ್‌ಗೆ ಹೋದಾಗ ಕೊನೆಯಲ್ಲಿ, ಮೇಲಿನ ಅರ್ಧಗುಮ್ಮಟದಲ್ಲಿರುವ ಸೆಬಾಸ್ಟಿಯಾನೊ ರಿಚ್ಚಿಯ ಚಿತ್ರ ನೋಡಿ. ವಾರ್ಡಿನ ಮೆಟ್ಟಿಲು ತೋರಿಸಿ ಅಂತ ಮಾತ್ರ ನೀವೇ ಬಾಯಿಬಿಟ್ಟು ಕೇಳಬೇಕು. ಅದು ಅವರ ಮನೆ, ಒಳಗೆಲ್ಲ ಓಡಾಡಲು ಆಗುವುದಿಲ್ಲ.